ಮಾವ ಬರುವುದರೊಳಗೆ ಒಂದು ಬಾಣ

ಭಾನುವಾರ ಬೆಳಿಗ್ಗೆ ಕನ್ನಡಕದಣ್ಣ ತನ್ನ ಬಿಲ್ಲನ್ನು ಕೈಗೆತ್ತಿಕೊಂಡು ಹಸುಗೂಸನ್ನು ಸವರುವಂತೆ ಮೆಲ್ಲಗೆ ಸವರಿದ. ಸವರಿದ ಕೈಗೆ ಅದರ ಒಂದು ತುದಿ ಹಾಗೇ ಬಂದುಬಿಟ್ಟಿತು.

ತುದಿ ಎಂದರೆ ಗೇಣುದ್ದದ ಮರದ ತುಂಡು, ಅಷ್ಟೇ. ಬಿಲ್ಲಿನ ಎರಡು ಕೊನೆಗೂ ಅಂಥದ್ದೊಂದು ಇರಬೇಕು, ಹೆದೆಯ ಕುಣಿಕೆ ಸಿಕ್ಕಿಸುವುದು ಅದಕ್ಕೇ. ಬೇರೆ ದಿನವಾಗಿದ್ದರೆ ಅವನು ಒಂದು ನಿಟ್ಟುಸಿರು ಬಿಟ್ಟು ಮತ್ತೆ ಅಂಟಿಸುತ್ತಿದ್ದ. ಅಂಟಿಸಿದ್ದು ಬಿಡುವುದೂ ಬಿಟ್ಟಿದ್ದನ್ನು ಅಂಟಿಸುವುದೂ ಅವನಿಗೆ ಅಭ್ಯಾಸವಾಗಿಹೋಗಿತ್ತು. ಆದರೆ ಸರಿಯಾಗಿ ಆ ಹೊತ್ತಿಗೇ ಹೆಂಡತಿ ಒಂದು ಹಾಸಿಗೆ, ಒಂದು ದಿಂಬು ಹೊತ್ತುಕೊಂಡು ಬಾಗಿಲಿಗೆ ಬಂದು ನಿಂತಳು. ಅವನು ಮುರಿದ ತುದಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಅಪ್ಪ ಸಂಜೆ ಬರ್ತಾರೆ. ಈ ರೂಮು ಖಾಲಿ ಮಾಡಿಕೊಡಿ," ಎಂದಳು.

"ಇದು ನನ್ನ ವರ್ಕ್‌ಶಾಪು ಇವಳೇ."

"ವರ್ಕ್‌ಶಾಪು ಅಂದ್ಮೇಲೆ ಏನಾದ್ರೂ ತಯಾರಾಗ್ಬೇಕು ತಾನೇ? ಸ್ಟೂಲು ಅಂತ ಶುರು ಮಾಡಿದ್ರಿ. ನಾಲ್ಕು ಕಾಲು ಸಮ ಮಾಡ್ತೀನಿ ಅಂತ ಒಂದೊಂದೇ ಕೊಯ್ತಾ ಕೊಯ್ತಾ ಕೊನೆಗೆ ಮಣೆ ಆಯ್ತು."

"ಮಣೆ ಚೆನ್ನಾಗೇ ಇದೆಯಲ್ಲ."

"ಮಣೆನೂ ಅಲ್ಲಾಡುತ್ತೆ ರೀ."

ಹಾಗೆ ನೋಡಿದರೆ ಕನ್ನಡಕದಣ್ಣ ಕೈಲಾಗದವನೇನೂ ಅಲ್ಲ. ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ ಯಂತ್ರದ ಮುಂದೆ ಕೂತು, ಗಾಜಿನ ಅಂಚನ್ನು ಕೂದಲೆಳೆಯಷ್ಟು ಉಜ್ಜಿ ಫ್ರೇಮಿಗೆ ಕೂರಿಸಿದನೆಂದರೆ ಅದು ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ. ಗಾಜು ಮಾತು ಕೇಳುತ್ತದೆ, ಮರ ಯಾಕೆ ಕೇಳುವುದಿಲ್ಲ ಎಂಬುದೇ ಅವನ ಪ್ರಶ್ನೆ. ಹೀಗಿರುವಾಗ ಮೊಬೈಲಿನಲ್ಲಿ ಅವನೊಂದು ವಿಡಿಯೋ ನೋಡಿದ. ಏಷ್ಯಾದ ಹುಲ್ಲುಗಾವಲುಗಳ ಕುದುರೆ ಸವಾರರು ಹಿಂದಿನ ಕಾಲದಲ್ಲಿ ಕಟ್ಟಿ ಬಳಸುತ್ತಿದ್ದ ಬಿಲ್ಲಿನದು ಅದು. ನಡುವೆ ಬಿದಿರು, ಹೊಟ್ಟೆಯ, ಅಂದರೆ ಒಳಮೈಯ ಕಡೆ ಎಮ್ಮೆಕೊಂಬಿನ ಪಟ್ಟಿ, ಬೆನ್ನಿನ ಕಡೆ ಪ್ರಾಣಿಯ ನರದ ಎಳೆಗಳು, ಮೂರನ್ನೂ ಹಿಡಿದಿಡಲು ಮೀನಿನ ಅಂಟು. ಗಡ್ಡದ ಮುದುಕನೊಬ್ಬ ಒಂದು ಮಾತೂ ಆಡದೆ ಹತ್ತು ನಿಮಿಷದ ವಿಡಿಯೋದಲ್ಲಿ ಕಟ್ಟಿ ಮುಗಿಸಿದ್ದ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು ಬಿಲ್ಲು ಕಟ್ಟಿ ನೋಡಿರಲಿಲ್ಲ. ನೋಡಿದ್ದರೆ ಮನೆಯನ್ನೂ ಮದುವೆಯನ್ನೂ ಆ ಗಾದೆಯಿಂದ ತೆಗೆದುಹಾಕಿಬಿಡುತ್ತಿದ್ದರು.

ಆದರೂ ಅವನು ಬಿಟ್ಟಿರಲಿಲ್ಲ. ದಿನವಿಡೀ ಇನ್ನೊಬ್ಬರ ಕಣ್ಣಿನ ಚಾಕರಿ ಮಾಡುವವನಿಗೆ, ತನ್ನದು ಅಂತ ಒಂದು ವಸ್ತು ತನ್ನ ಕೈಯಿಂದಲೇ ಆಗಬೇಕು ಎಂಬ ಆಸೆ. ಅದೇನೂ ನಾಚಿಕೆ ಪಡುವಂಥ ಆಸೆಯಲ್ಲ. ಆದರೆ ಅದು ಆಗಬೇಕಾದರೆ ಈ ರೂಮು ಬೇಕು. ಮಾವ ಒಮ್ಮೆ ಈ ರೂಮಿನ ಮಂಚ ಹಿಡಿದರೆ ಎರಡು ವಾರಕ್ಕೆ ಮೊದಲು ಏಳುವವರಲ್ಲ. ಅದೇ ನಡುಮನೆಯ ದಿವಾನದ ಮೇಲೆ ಮಲಗಿಸಿದರೆ, ಬಾಗಿಲು ಹಾಕಿಕೊಳ್ಳದೆ ನಿದ್ದೆ ಬಾರದ ಆ ಮನುಷ್ಯ ಮೂರನೆಯ ದಿನಕ್ಕೇ ಚಿಕ್ಕ ಮಗಳ ಮನೆಯ ದಾರಿ ಹಿಡಿಯುತ್ತಿದ್ದರು.

"ಬಿಲ್ಲು ಮುಗೀತು. ಇನ್ನು ಹೆದೆ ಏರಿಸೋದೊಂದೇ ಬಾಕಿ," ಎಂದ ಅವನು, ಬೆನ್ನ ಹಿಂದಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು.

ಹೆಂಡತಿ ಬಿಲ್ಲನ್ನೂ ಗಂಡನನ್ನೂ ಒಂದು ಸಲ ನೋಡಿದಳು. "ಸರಿ. ಅಪ್ಪ ಬರೋದ್ರೊಳಗೆ ಒಂದು ಬಾಣ ಬಿಟ್ಟು ತೋರಿಸಿ. ಟೆರೇಸಿನ ಈ ತುದಿಯಿಂದ ಆ ತುದಿಗೆ. ಬಿಟ್ರೆ ರೂಮು ನಿಮ್ಮದು, ಅಪ್ಪ ದಿವಾನದ ಮೇಲೆ ಮಲಗ್ತಾರೆ. ಇಲ್ಲ ಅಂದ್ರೆ ಈ ಕೊಂಬು, ನರ, ಕೋಲು, ಎಲ್ಲಾ ಗುಜರಿಗೆ."

"ಮಾತು ಅಂದ್ರೆ ಮಾತು?"

"ಮಾತು ಅಂದ್ರೆ ಮಾತು. ಸಂಜೆವರೆಗೂ ನಾನು ಪಕ್ಕದ ಮನೇಲಿರ್ತೀನಿ, ಈ ಕಡೆ ತಲೆನೂ ಹಾಕಲ್ಲ."

ಅವಳು ಹಾಸಿಗೆ, ದಿಂಬು ಅಲ್ಲೇ ಇಟ್ಟು ಅತ್ತ ಹೋದ ಮೇಲೆ ಅವನು ತುದಿಯನ್ನು ಮುಂದಕ್ಕೆ ತಂದು ನೋಡಿದ. ಅಂಟು ಕಾಯಿಸಬೇಕು. ಅಂಟು ಕಾಯಿಸುವ ಹಳೇ ಡಬ್ಬದ ತಳ ತೂತಾಗಿತ್ತು. ಅಡುಗೆಮನೆಗೆ ಹೋಗಿ ಸುತ್ತ ನೋಡಿ, ಕೈಗೆ ಸಿಕ್ಕಿದ ಹಾಲಿನ ಪಾತ್ರೆಯಲ್ಲಿ ಒಣಗಿದ ಮೀನಿನ ಗಾಳಿಚೀಲ, ಉಳಿದ ನರದ ಚೂರು ಎಲ್ಲ ಹಾಕಿ ನೀರು ಸುರಿದು ಸಣ್ಣ ಉರಿಯಲ್ಲಿ ಇಟ್ಟ. ವಿಡಿಯೋದಲ್ಲಿ ಎಲ್ಲವೂ ಇತ್ತು, ವಾಸನೆಯೊಂದು ಇರಲಿಲ್ಲ. ಅದು ಮೊದಲು ಅಡುಗೆಮನೆ ತುಂಬಿತು, ಆಮೇಲೆ ನಡುಮನೆ, ಆಮೇಲೆ ಬಾಗಿಲ ಕೆಳಗಿನ ಸಂದಿಯಲ್ಲಿ ನುಸುಳಿ ಮೆಟ್ಟಿಲು ಹಿಡಿದು ಮೇಲೂ ಕೆಳಗೂ ಹೊರಟಿತು.

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಕಟ್ಟಡದ ಕಾರ್ಯದರ್ಶಿಗಳು ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದರು. ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಪದವಿ ಇದೊಂದೇ. ಹಾಗಾಗಿ ಟೆರೇಸಿನ ಹಗ್ಗದಲ್ಲಿ ಯಾರ ಬಟ್ಟೆ ಎಲ್ಲಿ ಎಂಬುದನ್ನೂ ಅವರು ಸಭೆ ಕರೆದು ಮತಕ್ಕೆ ಹಾಕುತ್ತಿದ್ದರು. ಅವರ ಹಿಂದೆ ಎದುರುಮನೆಯ ಡ್ರಿಲ್ ಮೇಷ್ಟ್ರು, ಶಾಲೆ ಬಿಟ್ಟು ವರ್ಷಗಳಾದರೂ ಕೊರಳಿಂದ ಸೀಟಿ ತೆಗೆಯದವರು.

"ಕಟ್ಟಡದಲ್ಲಿ ಎಲ್ಲೋ ಇಲಿ ಸತ್ತಿದೆ," ಎಂದರು ಕಾರ್ಯದರ್ಶಿಗಳು.

"ಇಲಿನಾ? ಇದು ಹೆಗ್ಗಣ," ಎಂದರು ಮೇಷ್ಟ್ರು.

"ನನಗೇನೂ ವಾಸನೆ ಬರ್ತಿಲ್ವಲ್ಲ," ಎಂದ ಕನ್ನಡಕದಣ್ಣ. ಹೇಳಿದ ಮೇಲೆ ಗೊತ್ತಾಯಿತು, ಕಟ್ಟಡದಲ್ಲಿ ಆ ಮಾತು ಹೇಳಬಲ್ಲವನು ತಾನೊಬ್ಬನೇ ಎಂದು.

"ಹಾಗಾದ್ರೆ ನೀವೇ ಸರಿ. ನಮಗೆ ಹತ್ರ ಹೋಗೋಕಾಗ್ತಿಲ್ಲ, ನಿಮಗೆ ತೊಂದ್ರೆ ಇಲ್ಲ. ಬನ್ನಿ, ಹುಡುಕೋಣ."

ಒಲೆಯ ಮೇಲೆ ಅಂಟು ಬಿಟ್ಟು, ಇಲ್ಲದ ಹೆಗ್ಗಣವನ್ನು ಹುಡುಕುತ್ತಾ ಅವನು ಮೀಟರು ಪೆಟ್ಟಿಗೆಯ ಹಿಂದೆ ತಲೆ ಹಾಕಿದ, ಪಂಪಿನ ಗುಂಡಿಗೆ ಇಳಿದ, ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಅಂಬೆಗಾಲಿಟ್ಟ. ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪ ಎಂದರೇನು ಎಂಬುದು ಅವನಿಗೆ ಅವತ್ತು ಚೆನ್ನಾಗಿ ತಿಳಿಯಿತು. ತಳ ಹತ್ತಿದರೆ ಅಂಟು ಹೋಯಿತು, ಅಂಟು ಹೋದರೆ ರೂಮು ಹೋಯಿತು. ಅವನು ಜೇಡರ ಬಲೆ ಮೆತ್ತಿಕೊಂಡು ಮೇಲೆ ಬರುವಷ್ಟರಲ್ಲಿ ಮೇಷ್ಟ್ರು ಕಾಣಲಿಲ್ಲ.

ಮೇಷ್ಟ್ರು ಅವನ ಅಡುಗೆಮನೆಯಲ್ಲಿದ್ದರು. ವಾಸನೆಯ ಜಾಡು ಹಿಡಿದು ಒಲೆಯವರೆಗೂ ಬಂದು, ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದರು.

"ಇದಾ ವಿಷಯ. ಮೂಳೆ ಸೂಪು ಮಾಡ್ಕೊಂಡು ಒಬ್ರೇ ಕುಡೀತಿದ್ದೀರಿ. ಮಂಡಿ ನೋವಿಗೆ ಇದರಂಥ ಔಷಧಿ ಇಲ್ಲ. ವಾಸನೆ ಜಾಸ್ತಿ ಇದ್ದಷ್ಟೂ ಗುಣ ಜಾಸ್ತಿ."

"ಮೇಷ್ಟ್ರೇ, ಅದು ಸೂಪಲ್ಲ—"

ಮೇಷ್ಟ್ರು ಅಷ್ಟರಲ್ಲಿ ಒಂದು ಸೌಟು ಬಗ್ಗಿಸಿಕೊಂಡು, ಊದಿ ಊದಿ ಆರಿಸಿ, ಕುಡಿದುಬಿಟ್ಟಿದ್ದರು. ಮೊದಲು ತಲೆದೂಗಿದರು. ಆಮೇಲೆ ಏನೋ ಹೇಳಲು ಹೊರಟರು. ಮೇಲಿನ ತುಟಿ ಕೆಳಗಿನ ತುಟಿಯನ್ನು ಬಿಟ್ಟು ಬರಲು ಒಪ್ಪಲಿಲ್ಲ. ಆ ಕಟ್ಟಡಕ್ಕೆ ಬಂದ ಮೇಲೆ ಮೊದಲ ಸಲ ಡ್ರಿಲ್ ಮೇಷ್ಟ್ರು ಮೌನವಾಗಿ ನಿಂತರು. ಬಿಸಿನೀರು ಮುಕ್ಕಳಿಸಿ ಮುಕ್ಕಳಿಸಿ ಅವರ ಬಾಯಿ ಬಿಡುವವರೆಗೆ ಕನ್ನಡಕದಣ್ಣ ಬೇರೆ ದಾರಿ ಕಾಣದೆ ಎಲ್ಲವನ್ನೂ ಒಪ್ಪಿಕೊಂಡ: ಬಿಲ್ಲು, ಮುರಿದ ತುದಿ, ಹೆಂಡತಿಯ ಪಂಥ, ಬರಲಿರುವ ಮಾವ.

ಕಾರ್ಯದರ್ಶಿಗಳು ಬೈಯುತ್ತಾರೆ ಎಂದುಕೊಂಡಿದ್ದ. ಅವರು ಕರವಸ್ತ್ರ ಮಡಚಿ ಜೇಬಿಗಿಟ್ಟರು. "ನಮ್ಮನೇಲೂ ಅಷ್ಟೇ ರೀ. ಮಾವ ಅಂತ ಬಂದೋರು ನನ್ನ ಕುರ್ಚಿ ಹಿಡಿದ್ರು. ಈಗ ನಾನು ಪೇಪರ್ ಓದೋದು ಬಾತ್‌ರೂಮಲ್ಲಿ. ಎಲ್ಲಿ, ಬಿಲ್ಲು ತೋರ್ಸಿ."

ಕಷ್ಟ ಕೊಡಲು ಬಂದವರಿಗಿಂತ ಸಹಾಯಕ್ಕೆ ಬಂದವರೇ ಹೆಚ್ಚು ಕಷ್ಟ ಕೊಡುತ್ತಾರೆ ಎಂಬುದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ಮೂವರೂ ರೂಮಿಗೆ ಹೋದರು. ತುದಿಯ ಬುಡವನ್ನು ಬಿಲ್ಲಿನ ಸೀಳಿದ ಬಾಯಿಗೆ ಸಿಕ್ಕಿಸಿ, ಬಿಸಿ ಅಂಟು ಹಚ್ಚಿ ಒತ್ತಿ ಹಿಡಿದರು.

"ಅಂಗಡೀಲಿ ಸಿಗೋ ಗಮ್ಮು ಹಾಕ್ಬಾರ್ದಾ?" ಎಂದು ಕೇಳಿದರು ಕಾರ್ಯದರ್ಶಿಗಳು.

"ಅದು ಗಟ್ಟಿಯಾಗುತ್ತೆ ಸಾರ್, ಬಳುಕಲ್ಲ. ಇದು ಬಳುಕುತ್ತೆ."

"ಬಳುಕೋದು ಕಾಣ್ತಾ ಇದೆ," ಎಂದರು ಅವರು, ತುದಿ ಅವರ ಬೆರಳಿನ ಕೆಳಗೆ ಜಾರುತ್ತಿತ್ತು.

ಒಣಗುತ್ತಿಲ್ಲ ಎಂದು ಮೇಷ್ಟ್ರು ಮಹಡಿಗೆ ಓಡಿ ಬ್ಯೂಟಿ ಪಾರ್ಲರಿನ ಅಕ್ಕನನ್ನು ಹೇರ್ ಡ್ರೈಯರಿನ ಸಮೇತ ಕರೆತಂದರು. ಅಕ್ಕ ಗಿರಾಕಿಯೊಬ್ಬರ ತಲೆಯನ್ನು ಅರ್ಧ ಒಣಗಿಸಿ ಬಿಟ್ಟು ಬಂದಿದ್ದಳು. ಬಂದವಳೇ ಬಿಲ್ಲಿನ ತುದಿಗೆ ಬಿಸಿಗಾಳಿ ಹಿಡಿದಳು. ಗಾಳಿ ಹಿಡಿದಷ್ಟೂ ಅಂಟು ಇನ್ನಷ್ಟು ತೆಳ್ಳಗಾಗಿ ಹರಿದು, ತುದಿ ಪೂರ್ತಿ ತಿರುಗಿ ತಪ್ಪು ಹೆಜ್ಜೆ ಹಾಕಿ ಉಳುಕಿದ ಕಾಲಿನಂತೆ ಪಕ್ಕಕ್ಕೆ ನಿಂತಿತು.

"ಅಕ್ಕಾ, ಇದು ಕೂದಲಲ್ಲ. ಬಿಸಿಗೆ ಕರಗುತ್ತೆ, ತಣ್ಣಗಾದ್ರೆ ಹಿಡಿಯುತ್ತೆ," ಎಂದ ಕನ್ನಡಕದಣ್ಣ ಅಳುವ ದನಿಯಲ್ಲಿ.

"ಮೊದಲೇ ಹೇಳ್ಬಾರ್ದಾ ಅಣ್ಣಾ? ಬಾಯಿ ಇರೋದು ಯಾತಕ್ಕೆ?" ಎಂದು ಅವಳು ಅವನನ್ನೇ ಬೈದು, ಫ್ರಿಜ್ಜಿನಿಂದ ಐಸು ತಂದು ಟವೆಲ್ಲಿನಲ್ಲಿ ಸುತ್ತಿ ಒತ್ತಿದಳು. ಅಂಟು ಹಿಡಿಯಿತು. ಅದರ ಮೇಲೆ ಅವನು ಮೇಣ ಸವರಿದ ದಪ್ಪ ದಾರವನ್ನು ಸಾಲಾಗಿ ಬಿಗಿದು ಸುತ್ತಿದ. ಅಷ್ಟು ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ನಾಲ್ವರೂ ಬಿಲ್ಲು, ಹೆದೆ, ಇರುವ ಒಂದೇ ಒಂದು ಬಾಣ ತೆಗೆದುಕೊಂಡು ಟೆರೇಸಿಗೆ ಹತ್ತಿದರು. ಗುರಿಗೆ ಅಂತ ಅಕ್ಕ ಹೋಗುವಾಗಲೇ ಮಾವನ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಅದನ್ನು ಆ ತುದಿಯಲ್ಲಿ, ಮೆಟ್ಟಿಲ ಬಾಗಿಲ ಪಕ್ಕದ ಹಗ್ಗಕ್ಕೆ ನೇತುಹಾಕಿದಳು.

ನಿಜವಾದ ರಾದ್ಧಾಂತ ಶುರುವಾಗಿದ್ದು ಅಲ್ಲಿ. ಈ ಜಾತಿಯ ಬಿಲ್ಲಿಗೆ ಒಂದು ವಿಚಿತ್ರ ಗುಣ. ಹೆದೆ ಇಲ್ಲದಾಗ ಅದು ಚಳಿಗೆ ಮುದುಡಿದ ನಾಯಿಯಂತೆ ಉಲ್ಟಾ ದಿಕ್ಕಿಗೆ ಬಾಗಿ ಮಲಗಿರುತ್ತದೆ. ಅದನ್ನು ಎಳೆದು, ಬಾಗಿದ್ದಕ್ಕೆ ಪೂರ್ತಿ ವಿರುದ್ಧವಾಗಿ ಬಗ್ಗಿಸಿ ಹೆದೆ ಏರಿಸಬೇಕು. ಕನ್ನಡಕದಣ್ಣ ಮಂಡಿಗೆ ಕೊಟ್ಟು ಬಗ್ಗಿಸಲು ಹೊರಟದ್ದೇ ತಡ, ಮೇಷ್ಟ್ರು ಸೀಟಿ ಊದಿದರು.

"ಏನ್ರೀ ಮಾಡ್ತಿದ್ದೀರಿ? ಅದು ಆಗ್ಲೇ ಬಿಲ್ಲಿನ ಹಾಗೆ ಬಾಗಿದೆ. ಬಾಗಿರೋ ಕಡೆಗೇ ದಾರ ಕಟ್ಟಿ."

"ಅದು ಉಲ್ಟಾ ಮೇಷ್ಟ್ರೇ. ಈ ಕಡೆಗೆ ತಿರುಗಿಸ್ಬೇಕು."

"ಪಾಪ, ಅದಕ್ಕೆ ಇಷ್ಟ ಇಲ್ಲ ಅಣ್ಣಾ," ಎಂದಳು ಅಕ್ಕ. "ಬಲವಂತ ಮಾಡ್ಬಾರ್ದು."

"ಮತಕ್ಕೆ ಹಾಕೋಣ," ಎಂದರು ಕಾರ್ಯದರ್ಶಿಗಳು.

ಮತದಾನ ನಡೆಯಿತು. ಒಂದರ ವಿರುದ್ಧ ಮೂರು ಮತಗಳಿಂದ ಬಿಲ್ಲನ್ನು ತಪ್ಪಾಗಿ ಕಟ್ಟುವುದೆಂದು ತೀರ್ಮಾನವಾಯಿತು. ಕಟ್ಟಿದ್ದು ಸಲೀಸಾಗಿ ಆಯಿತು, ನೋಡಲೂ ಚಿತ್ರದಲ್ಲಿರುವ ಬಿಲ್ಲಿನ ಹಾಗೇ ಇತ್ತು. ಮೇಷ್ಟ್ರು ಎದೆಯುಬ್ಬಿಸಿ ಬಾಣ ಹೂಡಿದರು. ಕೊಂಬು ಸೀಳಿಹೋದೀತೆಂದು ಕನ್ನಡಕದಣ್ಣ ಅವರ ಮೊಣಕೈಗೆ ಜೋತುಬಿದ್ದ. ಬಾಣ ಹಾರಿತು ಎನ್ನುವುದಕ್ಕಿಂತ ಇಳಿಯಿತು ಎನ್ನಬೇಕು. ಬಸ್ಸಿನಿಂದ ಇಳಿಯುವ ಮುದುಕಿಯಂತೆ ಮೆಲ್ಲಗೆ ಇಳಿದು ಮೇಷ್ಟ್ರ ಕಾಲ ಹೆಬ್ಬೆರಳ ಮೇಲೆ ನಿಂತಿತು.

"ಗಾಳಿ ಸರಿ ಇಲ್ಲ," ಎಂದರು ಮೇಷ್ಟ್ರು, ಕಾಲು ಉಜ್ಜಿಕೊಳ್ಳುತ್ತಾ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆಗ ಕನ್ನಡಕದಣ್ಣನಿಗೆ ಎಲ್ಲಿತ್ತೋ ಸಿಟ್ಟು ಬಂತು. ಬೆಳಗಿನಿಂದ ಗುಂಡಿಗೆ ಇಳಿದದ್ದು, ತುದಿ ಜಾರಿದ್ದು, ಮಣೆ ಅಲ್ಲಾಡಿದ್ದು ಎಲ್ಲ ಒಟ್ಟಿಗೆ ನೆನಪಾಯಿತು. "ಇದು ನನ್ನ ಬಿಲ್ಲು," ಎಂದ. "ಮತ ಗಿತ ಏನಿಲ್ಲ. ಸಾರ್, ನೀವು ಆ ತುದಿ ಹಿಡೀರಿ. ಮೇಷ್ಟ್ರು ಈ ತುದಿ. ನಾನು ನಡುವೆ ಮಂಡಿ ಕೊಡ್ತೀನಿ. ಅಕ್ಕಾ, ನಾನು ಹೇಳಿದಾಗ ಕುಣಿಕೆ ಸಿಕ್ಕಿಸಿ."

ಅವನು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ತಪ್ಪಾಗಿ ಕಟ್ಟಿದ ಹೆದೆ ಬಿಚ್ಚಿ ಎಲ್ಲರೂ ಹೇಳಿದಂತೆ ಹಿಡಿದರು. ಮೊದಲ ಸಲ ಬಿಲ್ಲು ಕೈತಪ್ಪಿ ಚಿಮ್ಮಿ ಕಾರ್ಯದರ್ಶಿಗಳ ಕನ್ನಡಕವನ್ನು ನೀರಿನ ಟ್ಯಾಂಕಿನ ಮೇಲೆ ಕೂರಿಸಿತು. "ಹೊಸದು ನಾನು ಹಾಕಿಕೊಡ್ತೀನಿ, ಹಿಡೀರಿ," ಎಂದ ಅವನು. ಎರಡನೆಯ ಸಲ ಮೇಷ್ಟ್ರು ಕೂತುಬಿಟ್ಟರು. ಮೂರನೆಯ ಸಲ ನರ ಕಿರುಗುಟ್ಟಿತು, ಮೇಷ್ಟ್ರ ಮಂಡಿಯೂ ಕಿರುಗುಟ್ಟಿತು, ಬಿಲ್ಲು ಒಲ್ಲೆ ಒಲ್ಲೆ ಎನ್ನುತ್ತಲೇ ಮಗ್ಗುಲು ಬದಲಾಯಿಸಿತು, ಅಕ್ಕ ಕುಣಿಕೆ ಸಿಕ್ಕಿಸಿದಳು. ಹೆದೆ ಏರಿತ್ತು. ಬೆರಳಿಂದ ಮೀಟಿದರೆ ಅದು ಠಂಯ್ ಎಂದಿತು.

ಸದ್ದು ಕೇಳಿ ಹೆಂಡತಿ ಪಕ್ಕದ ಮನೆಯ ಬಾಲ್ಕನಿಯ ಏಣಿಯಿಂದ ಟೆರೇಸಿಗೆ ಬಂದಳು. "ಅಪ್ಪ ಆಟೋದಿಂದ ಇಳೀತಿದ್ದಾರೆ. ಇನ್ನೂ ಮುಗಿದಿಲ್ವಾ?" ಎಂದವಳು ಹೆದೆ ಏರಿದ ಬಿಲ್ಲನ್ನು ನೋಡಿ ಬದಿಗೆ ಸರಿದು ನಿಂತಳು.

ಕನ್ನಡಕದಣ್ಣ ಬಾಣ ಹೂಡಿದ. ಎಳೆದ. ಬಿಲ್ಲು ಬೆಣ್ಣೆಯಂತೆ ಬಾಗಿತು. ಬಿಟ್ಟ.

ಬಾಣ ಹೋದದ್ದನ್ನು ಯಾರೂ ಕಾಣಲಿಲ್ಲ. ದಿಂಬಿನಿಂದ ಒಂದು ಹಿಡಿ ಹತ್ತಿ ಹಾರಿದ್ದು ಕಂಡಿತು. ದಿಂಬನ್ನು ತೂರಿ ಹೋದ ಬಾಣ ಅದೇ ಕ್ಷಣ ತೆರೆಯುತ್ತಿದ್ದ ಮೆಟ್ಟಿಲ ಬಾಗಿಲಿಗೆ ಧಪ್ಪೆಂದು ನಾಟಿ ಕಂಪಿಸುತ್ತಾ ನಿಂತಿತು. ಬಾಗಿಲ ಅಂಚಿನಿಂದ ಒಂದು ಬೋಳುತಲೆ ಇಣುಕಿತು. ಬಾಣಕ್ಕೂ ಆ ತಲೆಗೂ ನಡುವೆ ಒಂದು ಗೇಣು ಜಾಗವಿತ್ತು.

"ಅಪ್ಪ," ಎಂದಳು ಹೆಂಡತಿ.

ಕಾರ್ಯದರ್ಶಿಗಳು ಸಂಘಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಆಕಾಶ ನೋಡಿದರು. ಮನೆಯಲ್ಲಿ ಯಾರೂ ಕಾಣದೆ ಸದ್ದು ಹಿಡಿದು ಮೇಲೆ ಬಂದಿದ್ದ ಮಾವ ಚೀಲ ಕೆಳಗಿಟ್ಟರು. ಬಾಣವನ್ನು ನೋಡಿದರು. ಎರಡೂ ಕೈಯಿಂದ ಎಳೆದರು, ಬರಲಿಲ್ಲ. ಆಮೇಲೆ ನೆಟ್ಟಗೆ ಅಳಿಯನ ಹತ್ತಿರ ನಡೆದು ಬಂದು ಕೈಯಿಂದ ಬಿಲ್ಲನ್ನು ತೆಗೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು ಆ ಕೊನೆಯಿಂದ ಈ ಕೊನೆಯವರೆಗೂ ನೋಡಿದರು.

"ಯಾರು ಕಟ್ಟಿದ್ದು ಇದನ್ನ?"

"ನಾನೇ ಮಾವ," ಎಂದ ಅವನು, ಏಟಿಗೆ ಕೆನ್ನೆ ಸಿದ್ಧ ಮಾಡಿಕೊಂಡು.

"ಅಳಿಯಂದ್ರೇ, ನಾನು ಆಯುಷ್ಯವೆಲ್ಲಾ ಗಡಿಯಾರ ರಿಪೇರಿ ಮಾಡ್ದೋನು. ಸ್ಪ್ರಿಂಗು ಅಂದ್ರೆ ಏನು ಅಂತ ನನಗೆ ಗೊತ್ತು. ಇಂಥ ಸ್ಪ್ರಿಂಗು ನಾನು ಕಂಡಿಲ್ಲ."

ಮದುವೆಯಾದಾಗಿನಿಂದ ಮಾವ ಅವನ ಯಾವ ಕೆಲಸವನ್ನೂ ಹೊಗಳಿರಲಿಲ್ಲ. ಕನ್ನಡಕದಣ್ಣನ ಕಣ್ಣು ಮಂಜಾಯಿತು. ಹೆಂಡತಿಯತ್ತ ನೋಡಿದ. "ರೂಮು ನಿಮ್ಮದೇ," ಎಂದಳು ಅವಳು ನಗುತ್ತಾ. ಕಥೆ ಇಲ್ಲಿಗೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಹೊಗಳಿಸಿಕೊಂಡವನ ಬಾಯಿ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ.

"ಕಟ್ಟೋಕೆ ಎಷ್ಟು ದಿನ ಹಿಡೀತು?" ಎಂದು ಕೇಳಿದರು ಮಾವ.

ಅಪ್ಪನ ಬೆನ್ನ ಹಿಂದಿನಿಂದ ಹೆಂಡತಿ ಜೋರಾಗಿ ಕೈ ಆಡಿಸಿದಳು. ಅಪ್ಪನ ಈ ದನಿ ಅವಳಿಗೆ ಗೊತ್ತಿತ್ತು. ಕಡಿಮೆ ಹೇಳಿ ಎಂದು ಅವಳ ಕೈ ಹೇಳುತ್ತಿತ್ತು. ವಿನಯ ಸಾಕು, ಧಾರಾಳವಾಗಿ ಹೇಳಿ ಎನ್ನುತ್ತಿದ್ದಾಳೆ ಎಂದುಕೊಂಡ ಅವನು.

"ದಿನ ಎಲ್ಲಿ ಬಂತು ಮಾವ? ಒಂದೂವರೆ ವರ್ಷ. ನರ ಹಚ್ಚಿದ ಮೇಲೆ ಒಣಗೋಕೇ ಆರು ತಿಂಗಳು. ಅವಸರ ಮಾಡಿದ್ರೆ ಕೆಟ್ಟಿತು."

"ಅಂಟು?"

"ಅಂಟಿನದೇ ದೊಡ್ಡ ಕಥೆ. ಎಲ್ಲಾದ್ರೂ ತಪ್ಪಾಗಿದ್ರೆ ಬಿಸಿನೀರಲ್ಲಿ ನೆನೆಸಿಟ್ರೆ ಸಾಕು, ಪದರ ಪದರವಾಗಿ ಬಿಟ್ಟುಕೊಳ್ಳುತ್ತೆ. ಒಂದು ಚೂರೂ ಮುಕ್ಕಾಗಲ್ಲ."

ಹೆಂಡತಿ ಹಣೆಗೆ ಕೈ ಹಚ್ಚಿಕೊಂಡು ಟ್ಯಾಂಕಿನ ಕಟ್ಟೆಯ ಮೇಲೆ ಕೂತಳು.

ಮಾವ ಹೆದೆಯನ್ನು ಬೆರಳಿಂದ ಮೀಟಿ ನೋಡಿದರು. "ಹಾಗಾದ್ರೆ ತೀರ್ಮಾನ ಆಯ್ತು. ಚಿಕ್ಕವಳ ಮನೆಗೆ ಆಮೇಲೆ ಹೋದ್ರಾಯ್ತು. ಒಂದೂವರೆ ವರ್ಷ ಇಲ್ಲೇ ಇದ್ದು ನಿಮ್ಮ ಕೈಕೆಳಗೆ ನಾನೂ ಒಂದು ಕಟ್ತೀನಿ. ಮಲಗೋದೂ ನಿಮ್ಮ ವರ್ಕ್‌ಶಾಪಲ್ಲೇ. ಒಣಗೋ ಕೆಲಸ ಅಂದ್ಮೇಲೆ ಹಗಲು ರಾತ್ರಿ ಪಕ್ಕದಲ್ಲೇ ಇರ್ಬೇಕು."

ಕನ್ನಡಕದಣ್ಣ ಬಾಯಿ ತೆರೆದ. ಮೇಷ್ಟ್ರು ಕುಡಿದ ಅಂಟು ಈಗ ಅವನ ತುಟಿಗೆ ಮೆತ್ತಿದಂತಿತ್ತು.

"ನಾನು ಮಾತಿಗೆ ತಪ್ಪಲ್ಲ ರೀ," ಎಂದಳು ಹೆಂಡತಿ, ಹಲ್ಲು ಕಚ್ಚಿಕೊಂಡು. "ರೂಮು ನಿಮ್ಮದೇ. ಬೇಡ ಅಂತ ಅಪ್ಪಂಗೆ ನೀವೇ ಹೇಳಿ."

ಹೇಳುವ ಧೈರ್ಯ ಅವನಿಗೆಲ್ಲಿಂದ ಬರಬೇಕು. ಕೆಳಗಿಳಿದು ಬಂದ ಮೇಲೆ ಮಾವ ರೂಮಿನಲ್ಲಿ ಚೀಲ ಬಿಚ್ಚತೊಡಗಿದರು. ಅವನು ನಡುಮನೆಯ ದಿವಾನದ ಮೇಲೆ ತೂತು ಬಿದ್ದ ದಿಂಬಿಗೆ ಒರಗಿ, ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ರೂಮು ಹೋದರೆ ಹೋಗಲಿ, ಬಿಲ್ಲಂತೂ ತನ್ನದು. ತನ್ನ ಕೈಯಿಂದ ಆದದ್ದು. ಅದನ್ನು ಯಾರೂ ಕಸಿದುಕೊಳ್ಳಲಾರರು. ಹೀಗೆಂದುಕೊಂಡಾಗ ಮನಸ್ಸಿಗೆ ನಿಜಕ್ಕೂ ಸಮಾಧಾನವಾಯಿತು.

ಅಷ್ಟರಲ್ಲಿ ಮಾವ ಅಂಗಿಯ ತೋಳು ಮಡಚಿಕೊಂಡು ಹೊರಗೆ ಬಂದರು. ಅವನ ತೊಡೆಯ ಮೇಲಿಂದ ಬಿಲ್ಲನ್ನು ಮೆಲ್ಲಗೆ ಎತ್ತಿಕೊಂಡರು.

"ನಾನು ಯಾವ ಗಡಿಯಾರನೂ ಬಿಚ್ಚಿ ನೋಡದೆ ಕಲ್ತೋನಲ್ಲ ಅಳಿಯಂದ್ರೇ," ಎಂದವರು ಅಡುಗೆಮನೆಯ ಕಡೆ ತಿರುಗಿದರು. "ಮಗಳೇ, ಒಂದು ಬಕೆಟ್ ಬಿಸಿನೀರು ಕೊಡಮ್ಮ."